ಪ್ಲೇಟಿಂಗ್ (ಲೋಹ ಲೇಪನ) ನೀರು ಯುಜಿಡಿಗೆ (ಒಳಚರಂಡಿಗೆ): ಹೆಕ್ಸಾ ಕ್ರೋಮ್ ಮಿತಿ ನದಿಗೆ 0.1, ಒಳಚರಂಡಿಗೆ 2. ಈ 20 ಪಟ್ಟು ಸಡಿಲ ಯಾಕೆ?

ಕೆಂಗೇರಿ ಕಾಲುವೆ
ಪರಿಸರ ಸಂರಕ್ಷಣಾ ನಿಯಮ 1986ರ ಷೆಡ್ಯೂಲ್ 6 ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿರುವವರು ಬಿಡಿಸಿ ಹೇಳಿ. ಕಾರ್ಖಾನೆ ನೀರನ್ನು ನದಿ, ಕೆರೆ, ಹಳ್ಳಕ್ಕೆ ಬಿಟ್ಟರೆ ಹೆಕ್ಸಾವೇಲೆಂಟ್ ಕ್ರೋಮಿಯಂ (ಹೆಕ್ಸಾ ಕ್ರೋಮ್, ಕ್ರೋಮಿಯಂನ ಹೆಚ್ಚು ವಿಷದ ರೂಪ) ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು. ಅದೇ ನೀರು ಸಾರ್ವಜನಿಕ ಒಳಚರಂಡಿಗೆ ಹೋದರೆ 2 ಮಿಲಿಗ್ರಾಂವರೆಗೂ ಸರಿ. ಸಯನೈಡ್ 0.2 ಇದ್ದದ್ದು 2 ಆಗುತ್ತದೆ, ಸತು 5 ಇದ್ದದ್ದು 15, ಬಿಓಡಿ (ನೀರಲ್ಲಿರೋ ಸಾವಯವ ಕೊಳೆಯ ಅಳತೆ) 30 ಇದ್ದದ್ದು 350.

ಬಿಓಡಿ ಅರ್ಥವಾಗುತ್ತೆ. ಎಸ್‌ಟಿಪಿಯಲ್ಲಿ (ಕೊಳಚೆ ನೀರು ಸಂಸ್ಕರಣಾ ಘಟಕದಲ್ಲಿ) ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುತ್ತೆ. ಆದರೆ ಕ್ರೋಮಿಯಂ ತಿನ್ನೋ ಬ್ಯಾಕ್ಟೀರಿಯಾ ಯಾವುದು? ಪೀಣ್ಯ, ಕಾಮಾಕ್ಷಿಪಾಳ್ಯ, ರಾಜಾಜಿನಗರದ ಸುತ್ತ ಮನೆಗಳ ನಡುವೆಯೇ ಪ್ಲೇಟಿಂಗ್ ಶೆಡ್‌ಗಳಿವೆ. ಮನೆಯ ಬಚ್ಚಲ ನೀರು ಹೋಗೋ ಪೈಪಿಗೇ ಆ ನೀರೂ ಸೇರಿದರೆ ಕೊನೆಗೆ ವೃಷಭಾವತಿ, ಬೈರಮಂಗಲ ಕೆರೆ, ಅರ್ಕಾವತಿ ದಾಟಿ ಕಾವೇರಿಗೇ ತಾನೇ ಹೋಗೋದು? ಜಲಮಂಡಳಿ, ಮಾಲಿನ್ಯ ನಿಯಂತ್ರಣ ಮಂಡಳಿ, ಪಾಲಿಕೆ ಇಷ್ಟು ಜನರಲ್ಲಿ ಇದನ್ನು ನೋಡಬೇಕಾದವರು ಯಾರು?

ಮ್ಯಾನ್‌ಹೋಲ್ ಮುಚ್ಚಳ
ಪಟ್ಟಿ ಓದಿದ್ದೀರಿ, ಕೆಳಗಿನ ಟಿಪ್ಪಣಿ ಬಿಟ್ಟಿದ್ದೀರಿ. ಹೆಚ್ಚಿನವರು ಅಲ್ಲೇ ಎಡವೋದು. ಒಳಚರಂಡಿಯ ಕಾಲಂ ಅನ್ವಯಿಸೋದು ಆ ಪೈಪು ಜೈವಿಕ ಸಂಸ್ಕರಣೆ ಇರುವ ದ್ವಿತೀಯ ಹಂತದ ಘಟಕಕ್ಕೆ ಹೋಗಿ ಸೇರಿದರೆ ಮಾತ್ರ. ಇಲ್ಲದಿದ್ದರೆ ಆ ಒಳಚರಂಡಿಗೆ ಬಿಟ್ಟದ್ದನ್ನು ನದಿಗೆ ಬಿಟ್ಟ ಹಾಗೆಯೇ ಲೆಕ್ಕ ಹಿಡಿಯಬೇಕು ಅಂತ ಅಲ್ಲೇ ಬರೆದಿದೆ. ಅಂದರೆ ಲೈನ್ ಮಧ್ಯದಲ್ಲಿ ಒಡೆದು ರಾಜಕಾಲುವೆಗೆ ಹರೀತಿದ್ರೆ, ಅಥವಾ ಎಸ್‌ಟಿಪಿಗೆ ಇನ್ನೂ ಜೋಡಣೆಯೇ ಆಗಿಲ್ಲದಿದ್ರೆ, 2 ಅನ್ನೋ ಅಂಕಿಗೆ ಬೆಲೆಯೇ ಇಲ್ಲ. 0.1ಕ್ಕೇ ಬರಬೇಕು.

ಸಡಿಲ ಯಾಕೆ ಅನ್ನೋದಕ್ಕೆ ತಕ್ಕಮಟ್ಟಿಗೆ ಕಾರಣ ಇದೆ. ಮನೆ ಕೊಳಚೆಯಲ್ಲಿ ಸಾವಯವ ಪದಾರ್ಥ ಜಾಸ್ತಿ, ಆಮ್ಲಜನಕ ಕಡಿಮೆ. ಹೆಕ್ಸಾ ಕ್ರೋಮ್ ಅಲ್ಲಿ ಒಂದು ಪಾಲು ಟ್ರೈವೇಲೆಂಟ್ (ಕಡಿಮೆ ವಿಷದ ರೂಪ) ಆಗಿ ಕೆಸರಿಗೆ ಅಂಟಿಕೊಳ್ಳುತ್ತೆ. ವಿಷ ತಗ್ಗುತ್ತೆ, ಲೋಹ ಎಲ್ಲಿಗೂ ಹೋಗಲ್ಲ. ನೀರಿನಲ್ಲಿದ್ದದ್ದು ಸ್ಲಡ್ಜಿಗೆ ಬಂತು ಅಷ್ಟೆ.

ಲ್ಯಾಬ್ ಕೋಟು
ಇಬ್ಬರಿಗೂ ಒಂದು ತಿದ್ದುಪಡಿ. ಷೆಡ್ಯೂಲ್ 6 ಇರೋದು ಷೆಡ್ಯೂಲ್ 1ರಲ್ಲಿ ಹೆಸರಿಲ್ಲದ ಉದ್ಯಮಗಳಿಗೆ. ಎಲೆಕ್ಟ್ರೋಪ್ಲೇಟಿಂಗ್, ಅನೋಡೈಸಿಂಗ್ ಎರಡಕ್ಕೂ ಷೆಡ್ಯೂಲ್ 1ರಲ್ಲಿ ಪ್ರತ್ಯೇಕ ಮಾನದಂಡ ಇದೆ, 2012ರಲ್ಲಿ ಪರಿಷ್ಕರಿಸಿದ್ದು. ಅಲ್ಲಿ ಹೆಕ್ಸಾ ಕ್ರೋಮ್ 0.1, ಒಟ್ಟು ಕ್ರೋಮಿಯಂ 2, ಸಯನೈಡ್ 0.2, ನಿಕ್ಕಲ್ 3, ಪಿಹೆಚ್ 6ರಿಂದ 9. ಹಾಗಾಗಿ ಪ್ಲೇಟಿಂಗ್ ಘಟಕದವರು "ನಾವು ಯುಜಿಡಿಗೆ ಬಿಡೋದು, ನಮಗೆ 2ರವರೆಗೂ ಅವಕಾಶ ಇದೆ" ಅಂದರೆ ಅದು ತಪ್ಪು ಓದು. ಅದರ ಮೇಲೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಘಟಕಕ್ಕೆ ಕೊಡೋ ಒಪ್ಪಿಗೆ ಪತ್ರದಲ್ಲಿ ಇನ್ನೂ ಬಿಗಿ ಷರತ್ತು ಹಾಕಬಹುದು, ಹೊರಗೆ ಒಂದು ಹನಿಯೂ ಬಿಡಬಾರದು ಅಂತಲೂ ಹಾಕಬಹುದು. ಕೊನೆಗೆ ಲೆಕ್ಕಕ್ಕೆ ಬರೋದು ಆ ಘಟಕದ ಒಪ್ಪಿಗೆ ಪತ್ರದಲ್ಲಿರೋ ಅಂಕಿ.

ಕೆಂಗೇರಿ ಕಾಲುವೆ
ಹಾಗಾದ್ರೆ ಶೀರ್ಷಿಕೆಯಲ್ಲಿ ನಾನು ಕೇಳಿದ್ದೇ ಅರ್ಧ ತಪ್ಪು. ಇರಲಿ, ಮುಂದೆ ಬರೋರಿಗೂ ಉಪಯೋಗ ಆಗುತ್ತೆ, ಬದಲಾಯಿಸಲ್ಲ.

ಏಳು ಟ್ಯಾಂಕ್
ಮಿತಿ ಚರ್ಚೆ ಆಯ್ತಲ್ಲ, ಈಗ ಶೆಡ್ ಒಳಗೆ ನೀರು ಎಲ್ಲಿಂದ ಬರುತ್ತೆ ನೋಡಿ. ಜಿಗ್ಗು (ಮಾಲು ನೇತುಹಾಕೋ ಚೌಕಟ್ಟು) ಬಾತ್‌ನಿಂದ (ಲೇಪನ ದ್ರಾವಣದ ತೊಟ್ಟಿಯಿಂದ) ಮೇಲೆ ಬಂದಾಗ ಅದಕ್ಕೆ ಅಂಟಿಕೊಂಡು ಬರೋ ದ್ರಾವಣಕ್ಕೆ ಡ್ರ್ಯಾಗ್‌ಔಟ್ ಅಂತಾರೆ. ತೊಳೆಯೋ ತೊಟ್ಟಿಗೆ ಹೋಗೋದು ಅದೇ. 1 ಲೀಟರ್ ಡ್ರ್ಯಾಗ್‌ಔಟನ್ನು ಸಾವಿರ ಪಟ್ಟು ತೆಳು ಮಾಡಿದರೆ ಮಾತ್ರ ಮಾಲು ಶುದ್ಧ ಅಂತಾದ್ರೆ, ಒಂದೇ ತೊಟ್ಟಿಯಲ್ಲಿ ತೊಳೆಯೋಕೆ 1000 ಲೀಟರ್ ಬೇಕು. ಎರಡು ತೊಟ್ಟಿ ಇಟ್ಟು ನೀರನ್ನು ಮಾಲು ಹೋಗೋ ದಿಕ್ಕಿಗೆ ಎದುರಾಗಿ ಹರಿಸಿದರೆ ಸುಮಾರು 32 ಲೀಟರ್ ಸಾಕು. ಮೂರು ತೊಟ್ಟಿ ಇದ್ದರೆ 10 ಲೀಟರ್. ಪಂಪಿಲ್ಲ, ಕರೆಂಟಿಲ್ಲ, ಒಂದೊಂದು ತೊಟ್ಟಿ ನಾಲ್ಕು ಇಂಚು ಎತ್ತರಿಸಿ ಓವರ್‌ಫ್ಲೋ ಪೈಪ್ ಕೊಟ್ಟರೆ ಆಯ್ತು. ಜಿಗ್ಗನ್ನು ಬಾತ್ ಮೇಲೇ 10-15 ಸೆಕೆಂಡ್ ಹಿಡಿದು ಸೋರಿಸಿದರೆ ಡ್ರ್ಯಾಗ್‌ಔಟೇ ಕಡಿಮೆಯಾಗುತ್ತೆ, ಕೆಮಿಕಲ್ ದುಡ್ಡೂ ಉಳಿಯುತ್ತೆ.

ಇಷ್ಟು ಮಾಡದೆ ನೇರ ನಲ್ಲಿ ಬಿಟ್ಟು ತೊಳೆಯೋ ಶೆಡ್‌ಗೆ ಎಷ್ಟು ದೊಡ್ಡ ಇಟಿಪಿ (ಕಾರ್ಖಾನೆ ನೀರು ಸಂಸ್ಕರಣಾ ಘಟಕ) ಹಾಕಿದರೂ ಸಾಲಲ್ಲ.

ಕೆರೆ ಏರಿ
ನಲ್ಲಿ ಜೋರಾಗಿ ಬಿಟ್ಟು ತೊಳೆದರೆ ಸ್ಯಾಂಪಲ್‌ನಲ್ಲಿ ಅಂಕಿ ಕಡಿಮೆ ಬರುತ್ತೆ, ಅದಕ್ಕೇ ಬಿಡ್ತಾರೆ ಅನ್ನೋದನ್ನೂ ಹೇಳಿ. ತೆಳು ಮಾಡೋದು ಸಂಸ್ಕರಣೆ ಅಲ್ಲ.

ರಿನ್ಸ್ (ಮಾಲು ತೊಳೆದ) ನೀರಿಗಿಂತ ನನಗೆ ಹೆದರಿಕೆ ಬಾತ್ ಖಾಲಿ ಮಾಡೋದರ ಬಗ್ಗೆ. ಸತು ಲೇಪನದ ಮೇಲೆ ಹಳದಿ ಪ್ಯಾಸಿವೇಶನ್ (ತುಕ್ಕು ತಡೆಯೋ ತೆಳು ಪದರ) ಕೊಡೋ ತೊಟ್ಟಿ 200 ಲೀಟರಿನದು ಅಂದುಕೊಳ್ಳಿ, ಅದರಲ್ಲಿ ಲೀಟರಿಗೆ 2 ಗ್ರಾಂ ಹೆಕ್ಸಾ ಕ್ರೋಮ್. ಬಣ್ಣ ಸರಿಯಾಗಿ ಕೂರ್ತಿಲ್ಲ ಅಂತ ರಾತ್ರಿ ಚರಂಡಿಗೆ ಬಗ್ಗಿಸಿದರೆ 400 ಗ್ರಾಂ ಒಂದೇ ಸಲ ಹೋಯ್ತು. ಅದನ್ನು ಲೀಟರಿಗೆ 2 ಮಿಲಿಗ್ರಾಂಗೆ ಇಳಿಸೋಕೆ 2 ಲಕ್ಷ ಲೀಟರ್ ನೀರು ಬೇಕು, 0.1ಕ್ಕೆ ಇಳಿಸೋಕೆ 40 ಲಕ್ಷ. ಒಂದು ಸಣ್ಣ ತೊಟ್ಟಿಯ ಕಥೆ ಇದು. ತಿಂಗಳಿಗೊಮ್ಮೆ ಹಗಲು 11 ಗಂಟೆಗೆ ಬಂದು ಒಂದು ಬಾಟಲಿ ತುಂಬಿಸಿಕೊಂಡು ಹೋದರೆ ಇದು ಸಿಗುತ್ತಾ?

ಏಳು ಟ್ಯಾಂಕ್
ಸಿಗಲ್ಲ, ಒಪ್ಪಿದೆ. ಆದರೆ ಆ 200 ಲೀಟರನ್ನು ಸರಿಮಾಡೋದು ಅರ್ಧ ದಿನದ ಕೆಲಸ, ದುಬಾರಿಯೂ ಅಲ್ಲ. ಗೊತ್ತಿಲ್ಲದೆ ಬಗ್ಗಿಸೋರಿಗಾಗಿ ಪೂರ್ತಿ ಬರೀತೀನಿ.

500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಹಾಕಿ ರಿನ್ಸ್ ನೀರು ಬೆರೆಸಿ ತೆಳು ಮಾಡಿಕೊಳ್ಳಿ. ಗಂಧಕಾಮ್ಲ ನಿಧಾನಕ್ಕೆ ಹಾಕಿ ಪಿಹೆಚ್ 2ರಿಂದ 2.5ಕ್ಕೆ ತನ್ನಿ. ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್. ಲೆಕ್ಕದ ಪ್ರಕಾರ 1 ಕಿಲೋ ಹೆಕ್ಸಾ ಕ್ರೋಮಿಗೆ 2.74 ಕಿಲೋ, ಕೈಲೆಕ್ಕದಲ್ಲಿ 3ಕ್ಕಿಂತ ಮೇಲೇ ಹೋಗುತ್ತೆ. 400 ಗ್ರಾಂಗೆ ಒಂದೂಕಾಲು ಕಿಲೋ ಕರಗಿಸಿ ಇಟ್ಟುಕೊಳ್ಳಿ, ಸ್ವಲ್ಪ ಸ್ವಲ್ಪವೇ ಹಾಕಿ. ಅರ್ಧ ಗಂಟೆ ಕಲಕಿ. ಹಳದಿ ಹೋಗಿ ತಿಳಿ ಹಸಿರು ನೀಲಿ ಬರುತ್ತೆ, ಓಆರ್‌ಪಿ ಮೀಟರ್ (ಕ್ರಿಯೆ ಮುಗಿದದ್ದು ತೋರಿಸೋ ಮಾಪಕ) ಇದ್ದರೆ 250-300 ಮಿಲಿವೋಲ್ಟ್‌ಗೆ ಇಳಿಯುತ್ತೆ. ಪಿಹೆಚ್ 3 ದಾಟಿದರೆ ಕ್ರಿಯೆ ತೀರಾ ನಿಧಾನ, ಬಣ್ಣ ಬದಲಾಗಿಲ್ಲ ಅಂತ ಪೌಡರ್ ಸುರೀತಾ ಹೋಗ್ತಾರೆ, ದುಡ್ಡು ದಂಡ. ತೀರಾ ಕೆಳಗಿಳಿದರೆ ಗಂಧಕದ ಘಾಟು ಎದ್ದು ಕೆಮ್ಮು ಹಿಡಿಯುತ್ತೆ, ಫ್ಯಾನ್ ಹಾಕದೆ ಈ ಕೆಲಸ ಬೇಡ.

ಆಮೇಲೆ ಸುಣ್ಣದ ಹಾಲು ಹಾಕಿ ಪಿಹೆಚ್ 8.5ಕ್ಕೆ ಏರಿಸಿ. ಹಸಿರು ಚರಟ ಕಟ್ಟುತ್ತೆ. ಪಾಲಿ (ಚರಟವನ್ನು ಗಂಟುಕಟ್ಟಿಸೋ ಪಾಲಿಮರ್) ಹಾಕಿ, ರಾತ್ರಿ ಕೂರಿಸಿ, ಬೆಳಿಗ್ಗೆ ತಿಳಿ ಬಸಿದುಕೊಳ್ಳಿ, ಕೆಸರು ಫಿಲ್ಟರ್ ಪ್ರೆಸ್‌ಗೆ. ಆ ಕೆಸರು ಅಪಾಯಕಾರಿ ತ್ಯಾಜ್ಯ, ಕಸದ ಗಾಡಿಗೆ ಹಾಕೋ ಹಾಗಿಲ್ಲ. 2016ರ ನಿಯಮದಂತೆ 90 ದಿನದೊಳಗೆ ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ ಪತ್ರ) ಸಮೇತ ಅಧಿಕೃತ ಜಾಗಕ್ಕೆ ಹೋಗಬೇಕು. ನಮ್ಮ ಕಡೆಗೆ ಅಂದ್ರೆ ದಾಬಸ್‌ಪೇಟೆ.

ಲ್ಯಾಬ್ ಕೋಟು
ಕ್ರೋಮಿಗೆ ಸರಿ. ಆದರೆ ಅದೇ ಟ್ಯಾಂಕಿಗೆ ನಿಕ್ಕಲ್ ನೀರೂ ಸೇರಿಸಿದರೆ 8.5 ಸಾಕಾಗಲ್ಲ. ನಿಕ್ಕಲ್ ಪೂರ್ತಿ ಕೆಳಗೆ ಕೂರಬೇಕಾದರೆ 10ರ ಮೇಲೆ ಹೋಗಬೇಕು, ಅಲ್ಲಿಗೆ ಹೋದರೆ ಕೂತಿದ್ದ ಕ್ರೋಮ್ ಮತ್ತೆ ಕರಗೋಕೆ ಶುರು. ಎರಡನ್ನೂ ಒಟ್ಟಿಗೆ ಮಾಡೋರು 9-9.5ರಲ್ಲಿ ರಾಜಿ ಆಗ್ತಾರೆ, ಎರಡೂ ಅರೆಬರೆ. ಅದಕ್ಕೇ ಲೈನ್‌ಗಳನ್ನು ಮೊದಲೇ ಬೇರೆ ಮಾಡಿ ಅನ್ನೋದು. ಕ್ರೋಮ್ ಒಂದು, ಸಯನೈಡ್ ಒಂದು, ಉಳಿದ ಆಸಿಡ್-ಆಲ್ಕಲಿ ಒಂದು. ಮೂರು ಪೈಪು, ಮೂರು ಬಣ್ಣ.

ಇನ್ನೊಂದು ಮೋಸ ಇಡಿಟಿಎ, ಅಮೋನಿಯಾ. ಎಲೆಕ್ಟ್ರೋಲೆಸ್ ನಿಕ್ಕಲ್‌ನಲ್ಲಿ, ಕೆಲವು ಕ್ಲೀನರ್‌ಗಳಲ್ಲಿ ಇರುತ್ತೆ. ಇವು ಲೋಹವನ್ನು ಹಿಡಿದಿಟ್ಟುಕೊಂಡುಬಿಡುತ್ತವೆ, ಎಷ್ಟು ಸುಣ್ಣ ಹಾಕಿದರೂ ಕೂರಲ್ಲ. ನೀರು ಕನ್ನಡಿ ಥರ ತಿಳಿಯಾಗಿರುತ್ತೆ, ಪರೀಕ್ಷೆ ಮಾಡಿದರೆ ನಿಕ್ಕಲ್ 20 ಇರುತ್ತೆ. ಕಣ್ಣಿಗೆ ತಿಳಿ ಕಂಡರೆ ನಂಬಬೇಡಿ.

ಗಾಂಧಿಬಜಾರ್
ಸಯನೈಡ್ ಈಗಲೂ ಉಪಯೋಗಿಸ್ತಾರಾ? ಬಂದ್ ಆಗಿದೆ ಅಂದುಕೊಂಡಿದ್ದೆ.

ಏಳು ಟ್ಯಾಂಕ್
ಸತುವಿಗೆ ಬಹಳ ಕಡೆ ಹೋಗಿದೆ, ಆಸಿಡ್ ಜಿಂಕ್, ಸಯನೈಡ್ ಇಲ್ಲದ ಆಲ್ಕಲಿ ಜಿಂಕ್ ಬಂದಿದೆ. ತಾಮ್ರದ ಸ್ಟ್ರೈಕ್ (ಮೊದಲ ತೆಳು ಲೇಪನ), ಬೆಳ್ಳಿ, ಚಿನ್ನದ ಗಿಲೀಟಿಗೆ ಈಗಲೂ ಇದೆ. ಅದನ್ನು ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಹಾಕಿ ಕೊಲ್ಲಬೇಕು, ಎರಡು ಹಂತದಲ್ಲಿ. ಮೊದಲು ಪಿಹೆಚ್ 10.5ರ ಮೇಲೆ, ಅದು ಮುಗಿದ ಮೇಲೆ 8.5ಕ್ಕೆ ಇಳಿಸಿ ಮತ್ತೆ ಹೈಪೋ. 1 ಕಿಲೋ ಸಯನೈಡಿಗೆ ಎರಡೂ ಹಂತ ಸೇರಿ ಸುಮಾರು 7 ಕಿಲೋ ಕ್ಲೋರಿನ್ ಬೇಕು. ಮೊದಲ ಹಂತದಲ್ಲಿ ಪಿಹೆಚ್ 10ಕ್ಕಿಂತ ಕೆಳಗೆ ಬಂದರೆ ಸಯನೋಜನ್ ಕ್ಲೋರೈಡ್ ಅನ್ನೋ ವಿಷದ ಗಾಳಿ ಹೊರಬರುತ್ತೆ. ಹೈಪೋ ಡಬ್ಬಿ ಹಳೇದಾದರೆ ಶಕ್ತಿ ಇಳಿದಿರುತ್ತೆ, ಬಿಸಿಲಲ್ಲಿಟ್ಟರೆ ಇನ್ನೂ ಬೇಗ. ಲೀಟರ್ ಲೆಕ್ಕ ನೆಚ್ಚಿಕೊಂಡು ಕೂರಬೇಡಿ.

ಗಾಂಧಿಬಜಾರ್
ಇದನ್ನ ಮನೆ ಕೆಳಗಿನ ಶೆಡ್‌ನಲ್ಲಿ ಮಾಡ್ತಾರಾ? ದೇವರೇ.

ಮ್ಯಾನ್‌ಹೋಲ್ ಮುಚ್ಚಳ
ಶೆಡ್ ಒಳಗಿನದು ಬಿಡಿ, ಪೈಪಿನ ಒಳಗೆ ಏನಾಗುತ್ತೆ ಕೇಳಿ. ಒಂದು ಶೆಡ್ಡಿನ ಸಯನೈಡ್ ನೀರು, ಪಕ್ಕದ ಶೆಡ್ಡಿನ ಪಿಕ್ಲಿಂಗ್ (ತುಕ್ಕು ತೆಗೆಯೋ) ಆಸಿಡ್, ಎರಡೂ ತಂತಮ್ಮ ಲೆಕ್ಕದಲ್ಲಿ ಬೇರೆ ಬೇರೆ. ಬೀದಿ ಮ್ಯಾನ್‌ಹೋಲ್‌ನಲ್ಲಿ ಸೇರಿದಾಗ ಹೈಡ್ರೋಜನ್ ಸಯನೈಡ್ ಅನ್ನೋ ವಿಷದ ಗಾಳಿ. ಡೈಯಿಂಗ್ ಘಟಕದ ಸಲ್ಫೈಡ್ ನೀರಿಗೆ ಆಸಿಡ್ ಸೇರಿದರೆ ಹೈಡ್ರೋಜನ್ ಸಲ್ಫೈಡ್. ಇದು 100 ಪಿಪಿಎಂ ಮುಟ್ಟಿದರೆ ಜೀವಕ್ಕೆ ಅಪಾಯ, ಅಷ್ಟು ಹೊತ್ತಿಗೆ ಮೂಗು ವಾಸನೆ ಹಿಡಿಯೋದನ್ನೇ ನಿಲ್ಲಿಸಿರುತ್ತೆ. ಕೊಳೆತ ಮೊಟ್ಟೆ ವಾಸನೆ ಬರ್ತಿಲ್ಲ, ಹಾಗಾಗಿ ಇಳೀಬಹುದು ಅನ್ನೋ ನಂಬಿಕೆಯೇ ಕೊಲ್ಲೋದು. 2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಧನ, ಮುನ್ನೆಚ್ಚರಿಕೆ ಇಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲ್‌ಗೆ ಇಳಿಸಿ ಶುಚಿ ಮಾಡಿಸೋ ಹಾಗೇ ಇಲ್ಲ. ಆದರೂ ಇಳಿಸಿದ ಕಡೆ ಸಾಯೋದು ಕೂಲಿಯವನು, ಆಸಿಡ್ ಬಿಟ್ಟವನಲ್ಲ.

ಪೈಪಿಗೂ ಅಷ್ಟೆ. ಹೈಡ್ರೋಜನ್ ಸಲ್ಫೈಡ್ ಮೇಲೆದ್ದು ಕಾಂಕ್ರೀಟ್ ಪೈಪಿನ ನೆತ್ತಿಯ ತೇವದಲ್ಲಿ ಗಂಧಕಾಮ್ಲ ಆಗುತ್ತೆ. ಕೆಳಗಿನ ಅರ್ಧ ಗಟ್ಟಿ ಇರುತ್ತೆ, ನೆತ್ತಿ ತಿಂದುಹೋಗಿ ಒಂದು ದಿನ ರಸ್ತೆ ಕುಸಿಯುತ್ತೆ.

ತರಿಹಾಳ ಗಾಳಿ
ನೀವೆಲ್ಲಾ ಬೆಂಗಳೂರಿಂದೇ ಹೇಳಾಕತ್ತೀರಿ. ನಮ್ಮ ಕಡೆ ಜಲಮಂಡಳಿ ಇಲ್ಲರೀ, ಯುಜಿಡಿ ಹಾಕಾವ್ರು ನಗರ ನೀರು ಸರಬರಾಜು ಒಳಚರಂಡಿ ಮಂಡಳಿಯವ್ರು, ನಡೆಸಾವ್ರು ಪಾಲಿಕೆ ಇಲ್ಲಾ ಪುರಸಭೆ. ರಬಕವಿ, ಬನಹಟ್ಟಿ, ಗುಳೇದಗುಡ್ಡ, ಇಳಕಲ್ಲದಾಗ ನೂಲಿಗೆ ಬಣ್ಣ ಹಾಕೂ ಕೆಲಸ ಮನಿಮನಿಯಾಗ ನಡೀತೈತಿ. ಬಣ್ಣದ ನೀರಿಂದ ಬಣ್ಣ ತಗದ್ರೂ ಉಪ್ಪು ಉಳೀತೈತ್ರೀ. ರಿಯಾಕ್ಟಿವ್ ಡೈ ಹಿಡೀಬೇಕಂದ್ರ ಉಪ್ಪು ಬೇಕ ಬೇಕು. ಎಸ್‌ಟಿಪಿ ಉಪ್ಪನ್ನ ಮುಟ್ಟಂಗಿಲ್ಲ. ಆ ನೀರು ಹೊಲಕ್ಕ ಬಿಟ್ರ ಎರಿ ಮಣ್ಣು ಬಿರಸಾಗಿ ಬೆಳಿ ಕೈಕೊಡ್ತೈತಿ. ತಿರುಪ್ಪೂರದಾಗ ನೊಯ್ಯಲ್ ಹೊಳಿ ಹಾಳಾಗಿ 2011ರಾಗ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕ ಎಲ್ಲಾ ಮುಚ್ಚಿಸ್ತು, ನೆನಪೈತಿಲ್ಲೋ? ಅಲ್ಲಿತನಕ ಹೋಗೂದು ಬ್ಯಾಡ್ರಿ ನಮ್ಮಲ್ಲಿ.

ದರ್ಶಿನಿ
ಕಾರ್ಖಾನೆ ಕಾರ್ಖಾನೆ ಅಂತೀರಿ, ಯುಜಿಡಿ ಕಟ್ಟಿಕೊಳ್ಳೋದು ಹೆಚ್ಚಾಗಿ ಹೋಟೆಲ್ ಜಿಡ್ಡಿಂದ. ಗ್ರೀಸ್ ಟ್ರ್ಯಾಪ್ ಹಾಕಿರ್ತಾರೆ, ತೆಗೆದು ಶುಚಿ ಮಾಡಲ್ಲ. ಮುಕ್ಕಾಲು ತುಂಬಿದ ಟ್ರ್ಯಾಪ್ ಇದ್ದೂ ಇಲ್ಲದ ಹಾಗೆ. ಪಾತ್ರೆ ತೊಳೆಯೋ ಬಿಸಿನೀರು ನೇರ ಅದಕ್ಕೆ ಬಿಟ್ಟರೆ ಜಿಡ್ಡು ಕರಗಿ ಆಚೆ ದಾಟಿ, ಮುಂದೆ ತಣ್ಣಗಿನ ಪೈಪಲ್ಲಿ ಹೆಪ್ಪುಗಟ್ಟುತ್ತೆ.

ಮ್ಯಾನ್‌ಹೋಲ್ ಮುಚ್ಚಳ
ನಿಜ, ಜಿಡ್ಡಿಗೂ ಮಿತಿ ಲೀಟರಿಗೆ 20 ಮಿಲಿಗ್ರಾಂ ಇದೆ. ಆದರೆ ಜಿಡ್ಡನ್ನು ಜೆಟ್ಟಿಂಗ್ ಮಿಷನ್ ತಂದು ಬಿಡಿಸಬಹುದು, ಕ್ರೋಮಿಯಂ ಬಿಡಿಸೋ ಮಿಷನ್ ಇಲ್ಲ. ಹೋಟೆಲ್ಲಿಗೆ ಬೇರೆ ಎಳೆ ತೆಗೀರಿ.

ಮಿಲ್ವಾಕೀ ಕನ್ನಡಿಗ
ಇಲ್ಲಿನ ಕ್ರಮ ಹೇಳ್ತೀನಿ, ಒಂದು ಅಂಶ ನಮ್ಮೂರಿಗೂ ಬೇಕು. ಅಮೆರಿಕದಲ್ಲಿ 1978ರಿಂದ ಪೂರ್ವಸಂಸ್ಕರಣೆ ನಿಯಮ ಇದೆ. ಪಿಹೆಚ್ 5ಕ್ಕಿಂತ ಕೆಳಗಿನದು, 60 ಡಿಗ್ರಿಗಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳೋದು ಒಳಚರಂಡಿಗೆ ಬಿಡೋ ಹಾಗಿಲ್ಲ. ಇಂಥ ನಿಯಮ ಯಾಕೆ ಬೇಕು ಅನ್ನೋದಕ್ಕೆ ಒಂದು ಉದಾಹರಣೆ. 1981ರ ಫೆಬ್ರವರಿಯಲ್ಲಿ ಲೂಯಿವಿಲ್‌ನಲ್ಲಿ ಸೋಯಾ ಎಣ್ಣೆ ಘಟಕದ ಹೆಕ್ಸೇನ್ ಒಳಚರಂಡಿಗೆ ಇಳಿದು ಬೀದಿಗೆ ಬೀದಿಯೇ ಸಿಡಿದಿತ್ತು.

ಮುಖ್ಯ ಅಂಶ ಬೇರೆ. ದೇಶದ ಮಿತಿ ಜೊತೆಗೆ ಆಯಾ ನಗರವೇ ತನ್ನ ಸ್ಥಳೀಯ ಮಿತಿ ಹಾಕಬೇಕು. ನಮ್ಮ ಎಸ್‌ಟಿಪಿ ದಿನಕ್ಕೆ ಎಷ್ಟು ಕಿಲೋ ಕ್ರೋಮ್ ತಡೆದುಕೊಳ್ಳುತ್ತೆ ಅಂತ ಹಿಂದಿನಿಂದ ಲೆಕ್ಕ ಹಾಕ್ತಾರೆ. ಹೊರಹೋಗೋ ನೀರು ಎಷ್ಟು ಶುದ್ಧ ಇರಬೇಕು, ಸ್ಲಡ್ಜಲ್ಲಿ ಎಷ್ಟಿದ್ದರೆ ಹೊಲಕ್ಕೆ ಹಾಕಬಹುದು, ಅದರಿಂದ ಒಟ್ಟು ಕಿಲೋ ಬರುತ್ತೆ. ಅದನ್ನು ಕಾರ್ಖಾನೆಗಳ ನಡುವೆ ಹಂಚ್ತಾರೆ. ಈ ಊರಿನವರು 1926ರಿಂದ ಸ್ಲಡ್ಜ್ ಒಣಗಿಸಿ ಮಿಲೋರ್ಗನೈಟ್ ಅಂತ ಗೊಬ್ಬರ ಮಾರ್ತಿದ್ದಾರೆ. ಲೋಹ ಜಾಸ್ತಿಯಾದರೆ ಚೀಲ ಮಾರೋ ಹಾಗಿಲ್ಲ, ಹಾಗಾಗಿ ಕಾರ್ಖಾನೆ ಬಾಗಿಲಲ್ಲೇ ಹಿಡೀಬೇಕು.

ಕೆರೆ ಏರಿ
ಇದನ್ನೇ ನಾನು ಹೇಳಬೇಕು ಅಂತಿದ್ದದ್ದು! ನಮ್ಮ ಮಿತಿ ಲೀಟರಿಗೆ ಎಷ್ಟು ಅಂತ ಹೇಳುತ್ತೆ, ದಿನಕ್ಕೆ ಒಟ್ಟು ಎಷ್ಟು ಅಂತ ಹೇಳಲ್ಲ. ಒಂದು ಉದಾಹರಣೆ ಲೆಕ್ಕ ಹಾಕೋಣ. ದಿನಕ್ಕೆ 10 ಸಾವಿರ ಲೀಟರ್ ಬಿಡೋ 100 ಘಟಕ, ಎಲ್ಲರೂ ಒಟ್ಟು ಕ್ರೋಮಿಯಂ 2ರ ಮಿತಿಯೊಳಗೇ ಇದ್ದಾರೆ. ಒಟ್ಟು 10 ಲಕ್ಷ ಲೀಟರ್, ಅದರಲ್ಲಿ ದಿನಕ್ಕೆ 2 ಕಿಲೋ ಕ್ರೋಮಿಯಂ, ವರ್ಷಕ್ಕೆ 730 ಕಿಲೋ. ದಿನಕ್ಕೆ 1 ಕೋಟಿ ಲೀಟರಿನ ಎಸ್‌ಟಿಪಿಯಿಂದ ಒಣ ಸ್ಲಡ್ಜ್ 2 ಟನ್ ಬರುತ್ತೆ ಅಂತ ಇಟ್ಟುಕೊಂಡು, ಅರ್ಧ ಕ್ರೋಮ್ ಅದಕ್ಕೆ ಅಂಟಿದರೂ ಕಿಲೋಗೆ 500 ಮಿಲಿಗ್ರಾಂ. ಕಾಂಪೋಸ್ಟ್ ಗೊಬ್ಬರಕ್ಕೆ ನಮ್ಮ ನಿಯಮದಲ್ಲಿರೋ ಮಿತಿ 50. ಒಬ್ಬರೂ ಕಾನೂನು ಮುರಿದಿಲ್ಲ, ಗೊಬ್ಬರ ಮಾತ್ರ ಹತ್ತು ಪಟ್ಟು ಕೆಟ್ಟಿದೆ. ಹೆಕ್ಸಾ 0.1ಕ್ಕೆ ಇಳಿಸಿದರೂ ಈ ಲೆಕ್ಕ ಬದಲಾಗಲ್ಲ, ಸ್ಲಡ್ಜಿಗೆ ಬರೋದು ಒಟ್ಟು ಕ್ರೋಮ್.

ಏಳು ಟ್ಯಾಂಕ್
ಲೆಕ್ಕ ಸರಿ, ಆದರೆ 100ರಲ್ಲಿ ಎಲ್ಲರೂ ಮಿತಿಯ ಅಂಚಿಗೇ ಇರ್ತಾರೆ ಅನ್ನೋದು ಒಪ್ಪಲ್ಲ. ಚೆನ್ನಾಗಿ ಕೂರಿಸಿ ಫಿಲ್ಟರ್ ಮಾಡಿದರೆ ಒಟ್ಟು ಕ್ರೋಮ್ 0.5ರ ಕೆಳಗೆ ಬರುತ್ತೆ. ಸಣ್ಣವರಿಗೆ ಇಟಿಪಿ ಜಾಗವೇ ಇಲ್ಲ, 30-40ರ ಸೈಟಲ್ಲಿ ಬಾತ್ ಇಡೋದಾ ಸೆಟ್ಲಿಂಗ್ ಟ್ಯಾಂಕ್ ಇಡೋದಾ? ಅವರ ನೀರನ್ನು ಟ್ಯಾಂಕರಲ್ಲಿ ಸಾಮೂಹಿಕ ಘಟಕಕ್ಕೆ ಒಯ್ಯೋ ವ್ಯವಸ್ಥೆ ಗಟ್ಟಿಯಾಗಬೇಕು.

ಮ್ಯಾನ್‌ಹೋಲ್ ಮುಚ್ಚಳ
ಟ್ಯಾಂಕರ್ ಹೊರಟದ್ದಕ್ಕೂ ತಲುಪಿದ್ದಕ್ಕೂ ತಾಳೆ ಇದ್ದರೆ ಸರಿ. ಶೆಡ್ಡಿನ ಫ್ಲೋ ಮೀಟರ್, ಟ್ಯಾಂಕರಿನ ಜಿಪಿಎಸ್, ಸಿಇಟಿಪಿಯ (ಸಾಮೂಹಿಕ ಸಂಸ್ಕರಣಾ ಘಟಕದ) ತೂಕದ ಚೀಟಿ, ಮೂರೂ ಹೊಂದಬೇಕು. ಇಲ್ಲದಿದ್ದರೆ ರಾತ್ರಿ ರಿಂಗ್ ರೋಡ್ ಮ್ಯಾನ್‌ಹೋಲೇ ಸಿಇಟಿಪಿ ಆಗುತ್ತೆ. ನೀರಿನ ಬಿಲ್ಲನ್ನೂ ನೋಡಿ. ದಿನಕ್ಕೆ 8 ಸಾವಿರ ಲೀಟರ್ ಒಳಬಂದು 2 ಸಾವಿರ ಮಾತ್ರ ಟ್ಯಾಂಕರಲ್ಲಿ ಹೋದರೆ ಉಳಿದದ್ದು ಆವಿಯಾಯ್ತಾ? ಬೋರ್‌ವೆಲ್ ಇದ್ದರೆ ಈ ತಾಳೆಯೂ ತಪ್ಪುತ್ತೆ, ಅದಕ್ಕೂ ಮೀಟರ್ ಬೇಕು.

ಎಲ್ಲವನ್ನೂ ಕೊಳಚೆ ಜೊತೆ ಬೆರೆಸಿ ಒಂದೇ ಕಡೆ ಸಂಸ್ಕರಿಸ್ತೀವಿ ಅಂತ ಹೋದದ್ದು ಕಾನ್ಪುರದ ಜಾಜ್‌ಮೌ. ಟ್ಯಾನರಿ (ಚರ್ಮ ಹದ ಮಾಡೋ ಕಾರ್ಖಾನೆ) ನೀರು ದಿನಕ್ಕೆ 90 ಲಕ್ಷ ಲೀಟರ್, ಊರ ಕೊಳಚೆ 2 ಕೋಟಿ 70 ಲಕ್ಷ ಲೀಟರ್ ಬೆರೆಸೋ ಲೆಕ್ಕದಲ್ಲಿ ಕಟ್ಟಿದ್ದು. ಟ್ಯಾನರಿಗಳು ಕ್ರೋಮನ್ನು ಬಾಗಿಲಲ್ಲೇ ಹಿಡೀಲಿಲ್ಲ, ಅದು ಸುತ್ತಲಿನ ಹೊಲಗಳ ಮಣ್ಣಿಗೆ ಸೇರಿತು.

ಕೆಂಗೇರಿ ಕಾಲುವೆ
ಒಪ್ಪಿದೆ. ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಬೀದಿ ಮ್ಯಾನ್‌ಹೋಲಲ್ಲಿ ಹಳದಿ ನೀರು ಕಂಡರೆ ಯಾರ ಬಾಗಿಲು ತಟ್ಟೋದು?

ಕಾನೂನು ಕಡತ
ಮೊದಲು ಅದು ಯುಜಿಡಿಯಾ ರಾಜಕಾಲುವೆಯಾ ನೋಡಿ. ದೂರಿನಲ್ಲಿ ಎರಡನ್ನೂ ಚರಂಡಿ ಅಂತ ಬರೆದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ. ಯುಜಿಡಿ ಜಲಮಂಡಳಿಯದು, 1916ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ತಗೊಳ್ಳಿ. ರಾಜಕಾಲುವೆ ಪಾಲಿಕೆಯದು. ಬಿಟ್ಟವರ ಮೇಲೆ ಕ್ರಮ ಎರಡರಲ್ಲೂ ಮಾಲಿನ್ಯ ನಿಯಂತ್ರಣ ಮಂಡಳಿಯದು. 1974ರ ಜಲ ಕಾಯ್ದೆಯ 24, 25ನೇ ಸೆಕ್ಷನ್‌ಗಳಲ್ಲಿ ಹೊಳೆ, ಬಾವಿ ಜೊತೆಗೆ ಒಳಚರಂಡಿಯೂ ಇದೆ. "ಯುಜಿಡಿ ನಮಗೆ ಬರಲ್ಲ" ಅಂತ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಹೇಳಿದರೆ ಇದನ್ನು ತೋರಿಸಿ. ಮುಚ್ಚಿಸೋ, ನೀರು-ಕರೆಂಟ್ ತೆಗೆಸೋ ಅಧಿಕಾರ 33ಎ ಸೆಕ್ಷನ್ನಿನಲ್ಲಿದೆ.

ಬಹಳ ಜನಕ್ಕೆ ಗೊತ್ತಿಲ್ಲದ್ದು 25(6). ಯಾವ ಘಟಕಕ್ಕೆ ಯಾವ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದೆ ಅನ್ನೋ ರಿಜಿಸ್ಟರನ್ನು ಮಂಡಳಿ ಇಡಬೇಕು, ಅದರಿಂದ ತೊಂದರೆಗೊಳಗಾದ ಯಾರೇ ಬಂದು ನೋಡಬಹುದು. ಮಾಹಿತಿ ಹಕ್ಕಿನ ಅರ್ಜಿ ಹಾಕಿ 30 ದಿನ ಕಾಯೋ ಮೊದಲು ಇದನ್ನು ಕೇಳಿ. 2017ರ ಫೆಬ್ರವರಿ 22ರಂದು ಸುಪ್ರೀಂ ಕೋರ್ಟ್ ಪರ್ಯಾವರಣ್ ಸುರಕ್ಷಾ ಸಮಿತಿ ಪ್ರಕರಣದಲ್ಲಿ, ಕೆಲಸ ಮಾಡೋ ಪ್ರಾಥಮಿಕ ಇಟಿಪಿ ಇಲ್ಲದ ಘಟಕ ನಡೆಯೋ ಹಾಗಿಲ್ಲ ಅಂದಿದೆ. ಒಪ್ಪಿಗೆ ಪತ್ರದಲ್ಲಿ ಇಟಿಪಿ ಇದ್ದು ಶೆಡ್ಡಲ್ಲಿ ಇಲ್ಲದಿದ್ದರೆ ಆ ತೀರ್ಪನ್ನೇ ದೂರಿಗೆ ಲಗತ್ತಿಸಿ.

ಮಂಡಳಿ ಸುಮ್ಮನಿದ್ದರೆ 49ನೇ ಸೆಕ್ಷನ್ ಪ್ರಕಾರ 60 ದಿನದ ನೋಟಿಸ್ ಕೊಟ್ಟು ನೀವೇ ನ್ಯಾಯಾಲಯಕ್ಕೆ ಹೋಗಬಹುದು. ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠ ಬೇರೆ ದಾರಿ.

ಕೆಂಗೇರಿ ಕಾಲುವೆ
ನಾವೇ ಬಾಟಲಿಯಲ್ಲಿ ಹಿಡಿದು ಲ್ಯಾಬಿಗೆ ಕೊಟ್ಟರೆ ನಡೆಯುತ್ತಾ?

ಕಾನೂನು ಕಡತ
ಕೋರ್ಟಲ್ಲಿ ಸಾಕ್ಷಿ ಆಗಲ್ಲ. 21ನೇ ಸೆಕ್ಷನ್ ಪ್ರಕಾರ ಅಧಿಕಾರಿ ಘಟಕದವರಿಗೆ ಅಲ್ಲೇ ನೋಟಿಸ್ ಕೊಟ್ಟು, ಅವರ ಮುಂದೆ ಎರಡು ಭಾಗ ಮಾಡಿ, ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ನಿಮ್ಮ ಬಾಟಲಿ ಉಪಯೋಗಕ್ಕೆ ಬರೋದು ಯಾವ ಹೊತ್ತಿಗೆ ಬಂದರೆ ಸಿಗುತ್ತೆ ಅಂತ ಅವರಿಗೆ ತೋರಿಸೋಕೆ.

ಲ್ಯಾಬ್ ಕೋಟು
ಹಿಡಿಯೋದಾದರೆ ಸರಿಯಾಗಿ ಹಿಡೀರಿ. ಒಂದೇ ಬಾಟಲಿಯಲ್ಲಿ ಎಲ್ಲವೂ ಆಗಲ್ಲ. ಒಟ್ಟು ಲೋಹಕ್ಕೆ ಪ್ಲಾಸ್ಟಿಕ್ ಬಾಟಲಿ, ನೈಟ್ರಿಕ್ ಆಸಿಡ್ ಹಾಕಿ ಪಿಹೆಚ್ 2ರ ಕೆಳಗೆ. ಹೆಕ್ಸಾ ಕ್ರೋಮಿಗೆ ಆ ಆಸಿಡ್ ಹಾಕಲೇಬಾರದು, ಕೊಳಚೆಯ ಜೊತೆ ಸೇರಿ ಅಲ್ಲೇ ಟ್ರೈ ಆಗಿಬಿಡುತ್ತೆ, ವರದಿಯಲ್ಲಿ ಸೊನ್ನೆ ಬರುತ್ತೆ. ಅದನ್ನು ಬರೀ ಐಸಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಸಯನೈಡಿಗೆ ಉಲ್ಟಾ, ಕಾಸ್ಟಿಕ್ ಸೋಡಾ ಹಾಕಿ ಪಿಹೆಚ್ 12ರ ಮೇಲೆ. ಎಣ್ಣೆ-ಜಿಡ್ಡಿಗೆ ಅಗಲ ಬಾಯಿಯ ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತೆ. ಆಸಿಡ್, ಕಾಸ್ಟಿಕ್ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಲ್ಯಾಬಿನವರೇ ಬಾಟಲಿಗೆ ಮೊದಲೇ ಹಾಕಿ ಕೊಡ್ತಾರೆ, ಕೇಳಿ. ಮ್ಯಾನ್‌ಹೋಲ್ ಮುಚ್ಚಳ ನೀವೇ ತೆಗೀಬೇಡಿ, ಬಗ್ಗಿಯೂ ನೋಡಬೇಡಿ. ಘಟಕದ ಹೊರಗೋಡೆ ಪಕ್ಕ ಸ್ಯಾಂಪಲಿಂಗ್ ಚೇಂಬರ್ ಇರಬೇಕು, ಜಲಮಂಡಳಿಯವರು ಬಂದಾಗ ಅವರ ಕೈಯಲ್ಲೇ ಅಲ್ಲಿಂದ ತೆಗೆಸಿ. ಚೇಂಬರೇ ಇಲ್ಲ ಅಂದರೆ ಮೊದಲ ದೂರು ಅದರ ಮೇಲೇ ಇರಲಿ.

ಕೆಂಗೇರಿ ಕಾಲುವೆ
ಚೇಂಬರ್ ಇಲ್ಲ. ನಾಳೆ ಅದನ್ನೇ ಬರೆದು ಕೊಡ್ತೀವಿ, ಉತ್ತರ ಬಂದಾಗ ಇಲ್ಲೇ ಹಾಕ್ತೀನಿ.